ಕಡಲಿಲ್ಲದ ದಿಕ್ಕು

ಡರ್ಬನ್ ಬಂದರಿನ ನಾವಿಕರ ಮನೆಯಲ್ಲಿ
ನನ್ನದು ಆರು ಹಲಗೆಯ ರಾಜ್ಯ.
ಬಿಲಿಯರ್ಡ್ಸ್ ಮೇಜು ದಾಟಿ, ಫೋನು ಚಾರ್ಜಿಗಿಡುವ ಮೂಲೆ ದಾಟಿ,
ಮುಗ್ಗಲು ಕಾಗದದ ವಾಸನೆ ಹಿಡಿದು ಬಂದರೆ ಸಿಗುತ್ತೇನೆ.
ಗೋಗೋ ಅನ್ನುತ್ತಾರೆ. ನಮ್ಮ ಜುಲು ಮಾತಲ್ಲಿ ಅಜ್ಜಿ.

ಈ ವರ್ಷ ಒಂದು ಪಂಥ ಹೂಡಿದೆ:
ಭೂಪಟದಲ್ಲಿ ಒಂದೇ ಕಡೆ ಬೆರಳಿಡಿ.
ಆ ಕಡೆಯವು ಐದು ಪುಸ್ತಕ, ಹನ್ನೆರಡು ತಿಂಗಳು.
ಓದಿದ್ದನ್ನು ಯಾವ ರೇವಿನಲ್ಲಾದರೂ ಬಿಡಿ,
ಬೆಕ್ಕಿನ ಹಾಗೆ ಅದು ಮನೆಗೆ ಬರುತ್ತದೆ.
ಗೆದ್ದವರಿಗೊಂದು ಉಣ್ಣೆ ಟೋಪಿ, ನಾನೇ ಹೆಣೆದದ್ದು.

ಮಾಂಡವಿಯ ವೇಲ್ಜಿ ದಕ್ಷಿಣ ಧ್ರುವ ಹಿಡಿದ:
‘ಅಲ್ಲಿ ವೀಸಾ ಕೇಳೋರಿಲ್ಲ.’
ಕಿರಿಬಾಟಿಯ ಟೆಬಾನೊ ತನ್ನ ದ್ವೀಪವನ್ನೇ ಕೇಳಿದ.
ತಿಂಗಳೆಲ್ಲ ತಡಕಿದರೆ ಸಿಕ್ಕಿದ್ದು ಒಂದೂವರೆ ಪುಸ್ತಕ.
‘ಮಿಕ್ಕಿದ್ದು ನಾನೇ ಬರೀತೀನಿ ಬಿಡು’ ಅಂದ.
ನಕ್ಕನೋ ಇಲ್ಲವೋ ನೋಡಲಿಲ್ಲ.

ಆಮೇಲೆ ಬಂದ ಅಡುಗೆಯ ಕ್ರಿಸಾಂತೊ, ಇಲೋಯಿಲೋದವನು,
ಬೆರಳ ತುದಿಗಳಲ್ಲಿ ಈರುಳ್ಳಿಯ ಘಮ.
ಇಪ್ಪತ್ತೆರಡು ವರ್ಷ ಹಡಗಿನಲ್ಲಿ.
ದೇಶ ಸುತ್ತಿದ್ದಾಗಿತ್ತು, ಕಂಡದ್ದು ಮಾತ್ರ ಕ್ರೇನು;
ಕೋಶ ಓದುವುದು ಬಾಕಿ.
‘ಗೋಗೋ, ಕಡಲೇ ಇಲ್ಲದ ದಿಕ್ಕು ಯಾವುದು?’

ಉಪ್ಪಿಟ್ಟವರನ್ನು ನೆನೆಯಬೇಕು ಮುಪ್ಪಿನ ತನಕ, ನಿಜ.
ಇವನಿಗೆ ಉಪ್ಪೇ ಮುಪ್ಪು ತಂದಿತ್ತು.

ಬೊಲಿವಿಯಾ ತೋರಿಸಿದೆ. ತಲೆಯಾಡಿಸಿದ.
‘ಕಳಕೊಂಡ ಕಡಲಿಗೆ ವರ್ಷಕ್ಕೊಂದು ದಿನ ಮೆರವಣಿಗೆ ಹೊರಡ್ತಾರಂತೆ.
ಅಳುವವರ ಮನೆ ನನಗ್ಯಾಕೆ?’
ಪುಟ ಮಗುಚಿದೆ. ಉಜ್ಬೇಕಿಸ್ತಾನ:
ಎತ್ತ ನಡೆದರೂ ಎರಡು ದೇಶ ದಾಟದೆ
ಮಹಾಸಾಗರದ ದಡ ಸಿಗದು.
‘ಎರಡು ಬಾಗಿಲು!’ ಅಂದ. ‘ಎರಡಕ್ಕೂ ಅಗುಳಿ!’
ಕೆಂಪು ಗುಂಡುಸೂಜಿಯನ್ನು ತಾನೇ ಚುಚ್ಚಿದ.

ಮೊದಲನೆಯದು ಕರಬೂಜದ ಬಗ್ಗೆ,
ನೇತುಹಾಕಿಟ್ಟರೆ ಚಳಿಗಾಲವಿಡೀ ಬಾಳುವ ಹಣ್ಣುಗಳು.
ಎರಡನೆಯದು ಅಡುಗೆಯದು; ಅಂಚಿನ ತುಂಬ ಪೆನ್ಸಿಲು ಜಗಳ:
ಇಷ್ಟು ಕುರಿಕೊಬ್ಬೇ? ಅಕ್ಕಿ ತೊಳೆದರೋ ಇಲ್ಲವೋ?
ಮೂರನೆಯದನ್ನು ನಾನು ಓದಿರಲಿಲ್ಲ.
ಹೊದಿಕೆಯ ಮೇಲೆ ಬರೀ ಮರಳು ಕಂಡು ಕೊಟ್ಟುಬಿಟ್ಟೆ.

ಸಾಂಟೋಸ್‌ನಿಂದ ಕಾರ್ಡು ಬಂತು.
‘ಮೋಸ ಮಾಡಿದೆ ಗೋಗೋ.
ಇಲ್ಲೂ ಒಂದು ಕಡಲಿತ್ತು. ನದಿಗಳನ್ನು ಹತ್ತಿಯ ಹೊಲಕ್ಕೆ ತಿರುಗಿಸಿದರು, ಇದು ಎದ್ದುಹೋಯಿತು.
ಮರಳಲ್ಲಿ ಹಡಗು ನಿಂತಿವೆ,
ಅವುಗಳ ನೆರಳಲ್ಲಿ ಹಸು ಮಲಗಿದೆ.
ಮೀನು ಡಬ್ಬಿಯ ಕಾರ್ಖಾನೆ ಮುಚ್ಚಬಾರದೆಂದು
ಬೇರೆ ಕಡಲಿನ ಮೀನನ್ನು ರೈಲಿನಲ್ಲಿ ತರಿಸಿದರಂತೆ.
ರೈಲಿನಲ್ಲಿ!
ನಾನು ಅಡುಗೆಯವನು, ಇದೊಂದನ್ನು ನುಂಗಲಾಗಲಿಲ್ಲ.
ರಾತ್ರಿ ಡೆಕ್ಕಿಗೆ ಹೋದೆ. ಇತ್ತು.
ಇದೆ ಅಂತ ನೋಡೋಕೆ ಹೋದದ್ದು ಇದೇ ಮೊದಲು.’
ಕೆಳಗೆ, ಜಾಗ ಸಾಲದೆ ಅಡ್ಡಡ್ಡ:
‘ನಾಲ್ಕನೆಯದು ನೀನೇ ಆರಿಸು. ನೀರಿರಲಿ.’

ಅರ್ಧ ದಿನ ಹಲಗೆಗಳ ಮುಂದೆ ನಿಂತೆ.
ಪಂಥ ಪಂಥವೇ, ದಿಕ್ಕು ಬದಲಿಸುವಂತಿಲ್ಲ.
ಆ ನಾಡಿನ ಬಾವಿಗಳದೊಂದು ಸಿಕ್ಕಿತು, ತೆಳುವಾದದ್ದು.
ರಟ್ಟಿನ ಪೆಟ್ಟಿಗೆಗೆ ಹಾಕಿದೆ, ತೆಗೆದೆ, ಹಾಕಿದೆ.

ಮೂರನೆಯದು ನಿನ್ನೆ ಮನೆಗೆ ಬಂತು
ಯಾರು ಯಾರದೋ ಚೀಲದಲ್ಲಿ, ನಾಲ್ಕು ರೇವು ಸುತ್ತಿ.
ಮರುಭೂಮಿಯ ಪುಸ್ತಕ, ತೇವಕ್ಕೆ ಉಬ್ಬಿ ಎರಡರಷ್ಟಾಗಿದೆ.
ಕಿಟಕಿಯಲ್ಲಿ ಬಿಸಿಲಿಗೆ ತೆರೆದಿಟ್ಟೆ.
ಹಡಗಿನ ಚಿತ್ರದ ಪುಟದಲ್ಲಿ
ಗುರುತಿಗಿಟ್ಟ ಈರುಳ್ಳಿ ಸಿಪ್ಪೆ.
ಹೊರಗೆ ಟಗ್ಗು ದೋಣಿ ಕೂಗಿತು.
ಸಿಪ್ಪೆ ಹಾರದಂತೆ ಬೆರಳು ಒತ್ತಿ
ಬಗ್ಗಿ ನೋಡಿದೆ.